ಸಿ ಎ ಟಿ ಕ್ಯಾಟ್: ಬೆಕ್ಕೆಲ್ಲಿ?

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಕಡೆಯ ಯಾವ ಊರಿನ ಯಾವ ಓಣಿಯಲ್ಲಿ ನಡೆದು ಹೋದರೂ ಒಂದು ಭಜನೆ ಕಿವಿಗೆ ಬೀಳುತ್ತದೆ. ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದರೆ ಬೆಕ್ಕು. ಎಂ ಎ ಟಿ ಮ್ಯಾಟ್, ಮ್ಯಾಟ್ ಅಂದರೆ ಚಾಪೆ. ಎಚ್ ಎ ಟಿ ಹ್ಯಾಟ್, ಹ್ಯಾಟ್ ಅಂದರೆ ಟೊಪ್ಪಿಗೆ.’ ದಾಂಡೇಲಿಯಲ್ಲೂ ಅದೇ, ಹಳಿಯಾಳದ ಪೇಟೆಯಲ್ಲೂ ಅದೇ, ಘಟ್ಟದ ಅಂಚಿನ ಕಾಡಿನೊಳಗಿರುವ ನಮ್ಮ ಅಣಶಿಯಲ್ಲೂ ಅದೇ. ಹಿಂದೆ ಇದೇ ಹೊತ್ತಿಗೆ ಮಗ್ಗಿ ಕೇಳಿಸುತ್ತಿತ್ತು, ಬಾಯಿಪಾಠದ ಪದ್ಯ ಕೇಳಿಸುತ್ತಿತ್ತು. ಈಗ ಮೂರಕ್ಷರದ ಇಂಗ್ಲಿಷ್ ಪದಗಳ ಪಟ್ಟಿ. ಮಗು ತಡವರಿಸದೆ ಒಪ್ಪಿಸಿಬಿಟ್ಟರೆ ತಾಯಿಗೆ ಧನ್ಯತೆ, ಅಜ್ಜಿಗೆ ದೃಷ್ಟಿ ತೆಗೆಯುವಷ್ಟು ಸಂಭ್ರಮ.

ನನ್ನ ತಕರಾರು ಈ ಭಜನೆಯ ಮೇಲೆಯೇ. ಇಂಗ್ಲಿಷಿನ ಮೇಲಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ಆದರೆ ಈ ಭಜನೆಯಿಂದ ಇಂಗ್ಲಿಷ್ ಬರುವುದಿಲ್ಲ. ಕನ್ನಡವೂ ಬೆಳೆಯುವುದಿಲ್ಲ. ಬರುವುದು ಒಂದೇ: ‘ನನ್ನ ತಲೆಗೆ ಇದು ಹತ್ತುವುದಿಲ್ಲ’ ಎಂಬ ಅನುಮಾನ. ಆರು ವರ್ಷದ ಮಗುವಿನ ಎದೆಯಲ್ಲಿ ಆ ಅನುಮಾನ ಒಮ್ಮೆ ಬೇರೂರಿದರೆ ಹತ್ತನೇ ಇಯತ್ತೆಗೆ ಬರುವ ಹೊತ್ತಿಗೆ ಅದು ಹೆಮ್ಮರವಾಗಿರುತ್ತದೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತವಳಾಗಿ ನಾನು ಇದನ್ನು ಹೇಳುತ್ತಿದ್ದೇನೆ.

ಒಮ್ಮೆ ಮಗುವಿನ ಕಿವಿಯಿಂದ ಕೇಳಿ ನೋಡಿ. ‘ಸಿ’ ಎನ್ನುತ್ತೀರಿ, ‘ಎ’ ಎನ್ನುತ್ತೀರಿ, ‘ಟಿ’ ಎನ್ನುತ್ತೀರಿ. ಕೂಡಿಸಿದರೆ ಏನಾಗಬೇಕು? ‘ಸಿಏಟಿ’ ಆಗಬೇಕು. ಆದರೆ ನೀವು ‘ಕ್ಯಾಟ್’ ಎನ್ನುತ್ತೀರಿ. ಈ ‘ಕ್’ ಎಲ್ಲಿಂದ ಬಂತು? ‘ಸಿ’ ಎಲ್ಲಿಗೆ ಹೋಯಿತು? ಮಗು ಕೇಳುವುದಿಲ್ಲ, ಏಕೆಂದರೆ ಕೇಳಿದರೆ ‘ಹೇಳಿದಷ್ಟು ಹೇಳು’ ಎಂಬ ಉತ್ತರ ಸಿಗುತ್ತದೆಂದು ಅದಕ್ಕೆ ಗೊತ್ತು. ಅದೇ ಮಗು ಕನ್ನಡ ತರಗತಿಯಲ್ಲಿ ‘ಕ’, ‘ಮ’, ‘ಲ’ ಎಂದು ಓದಿ ‘ಕಮಲ’ ಎಂದು ಕೂಡಿಸಿ ಹಿಗ್ಗಿದೆ. ಅಕ್ಷರದ ಹೆಸರೇ ಅಕ್ಷರದ ದನಿ ಎಂಬುದು ನಮ್ಮ ಲಿಪಿ ಕಲಿಸಿದ ಪಾಠ. ಆ ಪಾಠವನ್ನು ನಂಬಿ ಬಂದ ಮಗುವಿಗೆ ಇಂಗ್ಲಿಷಿನ ಬಾಗಿಲಲ್ಲೇ ಮೋಸವಾಗುತ್ತದೆ. ‘ಸಿಏಟಿ’ ಎಂದು ಓದಿದ ಮಗುವನ್ನು ದಡ್ಡ ಎನ್ನುತ್ತೇವೆ. ನಿಜಕ್ಕೂ ಅದು ತರ್ಕಬದ್ಧವಾಗಿ ಯೋಚಿಸಿದ ಮಗು. ತರ್ಕ ಬಿಟ್ಟು ಗಿಳಿಯಂತೆ ಒಪ್ಪಿಸಿದ್ದಕ್ಕೆ ಪೆಪ್ಪರ್‌ಮಿಂಟು, ತರ್ಕ ಮಾಡಿದ್ದಕ್ಕೆ ತಲೆಗೆ ಮೊಟಕು!

ಅಕ್ಷರದ ಹೆಸರು ಬೇರೆ, ಅದರ ದನಿ ಬೇರೆ. ಸಿ ಎಂಬುದು ಹೆಸರು, ‘ಕ್’ ಎಂಬುದು ಅದರ ಒಂದು ದನಿ. ಮನೆಯಲ್ಲಿ ಎಲ್ಲರೂ ‘ಪುಟ್ಟಿ’ ಎಂದು ಕರೆಯುವ ಹುಡುಗಿಗೆ ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿರುವುದಿಲ್ಲವೇ? ಅಷ್ಟೇ ಸರಳವಾದ ಮಾತು. ಇಷ್ಟನ್ನು ಮೊದಲ ವಾರ ಹೇಳಿಕೊಟ್ಟರೆ ಮಗು ‘ಕ್, ಆ್ಯ, ಟ್’ ಎಂದು ತಾನೇ ಕೂಡಿಸಿ ‘ಕ್ಯಾಟ್’ ಎನ್ನುತ್ತದೆ. ಆಗ ಅದು ಓದಿದ ಹಾಗಾಯಿತು. ಮೊದಲು ಮಾಡುತ್ತಿದ್ದುದು ಓದಲ್ಲ, ಒಪ್ಪಿಸುವಿಕೆ.

ಇದೇನು ವಿಲಾಯತಿಯಿಂದ ತಂದ ಹೊಸ ವಿದ್ಯೆಯಲ್ಲ. ನಮ್ಮ ಒಂದನೇ ಇಯತ್ತೆಯ ಕನ್ನಡ ಪಾಠವನ್ನು ನೆನಪಿಸಿಕೊಳ್ಳಿ. ‘ಅ ಆ ಇ ಈ’ ಇಂದ ಶುರುಮಾಡದೆ ‘ರ ಗ ಸ ದ ಅ’ ಎಂದು ಶುರುಮಾಡುವ ಪದ್ಧತಿ ನಿಮಗೆಲ್ಲ ಗೊತ್ತು. ಆಮೇಲೆ ‘ಜ ವ ಮ ಬ ನ’. ಏಕೆ ಹಾಗೆ? ಐದೇ ಅಕ್ಷರ ಕಲಿತ ದಿನವೇ ಮಗುವಿನ ಕೈಗೆ ಪದಗಳು ಸಿಗಲಿ ಎಂದು. ಸರ, ದರ, ರಸ, ಅರಸ, ಅಗಸ, ಗರಗಸ, ಸರಸರ. ಐದು ಅಕ್ಷರದಲ್ಲಿ ಏಳು ಪದ! ಅಕ್ಷರಗಳನ್ನು ಆಚೀಚೆ ಇಟ್ಟರೆ ಅರ್ಥ ಬದಲಾಗುತ್ತದೆ ಎಂಬ ಮಾಯೆ ಮಗುವಿಗೆ ಅವತ್ತೇ ತಿಳಿಯುತ್ತದೆ. ‘ಸರ’ ತಿರುಗಿಸಿದರೆ ‘ರಸ’. ಕುತ್ತಿಗೆಯಲ್ಲಿದ್ದದ್ದು ಲೋಟಕ್ಕೆ ಬಂತು.

ಇಂಗ್ಲೆಂಡಿನಲ್ಲೂ ಇಂಗ್ಲಿಷನ್ನು ಕಲಿಸುವುದು ಹೀಗೆಯೇ. 2006ರಲ್ಲಿ ಅಲ್ಲಿನ ಸರ್ಕಾರಕ್ಕೆ ಬಂದ ರೋಸ್ ವರದಿ ಮಕ್ಕಳಿಗೆ ಅಕ್ಷರದ ದನಿಯಿಂದಲೇ ಓದು ಕಲಿಸಬೇಕೆಂದಿತು. 2012ರಿಂದ ಚಿಕ್ಕ ಮಕ್ಕಳು ದನಿ ಕೂಡಿಸಿ ಓದಬಲ್ಲರೇ ಎಂದು ಅಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿ ಬಹಳ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಮೊದಲ ಪಾಠ ಆರು ಅಕ್ಷರದ್ದು: ಎಸ್, ಎ, ಟಿ, ಐ, ಪಿ, ಎನ್. ಅದೇ ಅವರ ‘ರಗಸದಅ’. ಈ ಆರರಿಂದ ಸಿಟ್, ಸಿಪ್, ಟಿನ್, ಟಿಪ್, ಟ್ಯಾಪ್, ಪಿನ್, ಪ್ಯಾನ್, ಪ್ಯಾಟ್, ನ್ಯಾಪ್, ಆ್ಯಂಟ್ ಎಂದು ಹತ್ತಾರು ಪದ ಹುಟ್ಟುತ್ತವೆ. ಇಂಗ್ಲಿಷರ ಮಕ್ಕಳಿಗೇ ಇಂಗ್ಲಿಷನ್ನು ದನಿಯಿಂದ ಕಲಿಸುವಾಗ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ನಮ್ಮ ಜೋಯಿಡಾ ಸೀಮೆಯ ಮಕ್ಕಳಿಗೆ ಅದನ್ನು ಬಾಯಿಪಾಠದಿಂದ ತುರುಕುವುದು ಯಾವ ನ್ಯಾಯ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಮದ್ದು ನಮ್ಮ ಹಿತ್ತಲಲ್ಲೇ ಇತ್ತು.

ಮೂರಕ್ಷರದ ಪದಗಳ ಪಟ್ಟಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಅವು ಬಂಗಾರದಂಥ ಪದಗಳು. ಕೊನೆಯ ಎರಡು ಅಕ್ಷರ ಹಾಗೇ ಇಟ್ಟು ಮೊದಲಿನದನ್ನು ಮಾತ್ರ ಬದಲಿಸಿದರೆ ಪದ ಬದಲಾಗುತ್ತದೆ: ಕ್ಯಾಟ್, ಬ್ಯಾಟ್, ಮ್ಯಾಟ್, ಹ್ಯಾಟ್. ನಡುವಿನದನ್ನು ಬದಲಿಸಿದರೆ ಪ್ಯಾನ್, ಪೆನ್, ಪಿನ್. ಅಮೆರಿಕದ ಡಾಕ್ಟರ್ ಸ್ಯೂಸ್ 1957ರಲ್ಲಿ ಬರೀ 236 ಬೇರೆ ಬೇರೆ ಪದ ಬಳಸಿ, ಟೊಪ್ಪಿಗೆ ತೊಟ್ಟ ಬೆಕ್ಕಿನ ಕಥೆ ಬರೆದು ಜಗತ್ತಿನ ಮಕ್ಕಳನ್ನೆಲ್ಲ ನಗಿಸಿದ. ಅವನ ಕೈಯಲ್ಲಿದ್ದದ್ದೂ ಇದೇ ಕ್ಯಾಟು, ಇದೇ ಹ್ಯಾಟು. ಅವನು ಅವನ್ನು ಕಥೆ ಮಾಡಿದ. ನಾವು ಭಜನೆ ಮಾಡಿದೆವು. ವ್ಯತ್ಯಾಸ ಅಷ್ಟೇ.

ಇನ್ನು ಭಜನೆಯ ಎರಡನೆಯ ಅರ್ಧ. ‘ಅಂದರೆ ಬೆಕ್ಕು.’ ಇದಕ್ಕೆ ನಮ್ಮವರು ‘ಮೀನಿಂಗ್’ ಎನ್ನುತ್ತಾರೆ. ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದ ಗಂಟುಹಾಕಿಬಿಟ್ಟರೆ ಅರ್ಥ ತಿಳಿದಂತೆ ಎಂಬ ನಂಬಿಕೆ. ಇದು ಮೊದಲನೆಯದಕ್ಕಿಂತ ದೊಡ್ಡ ಸುಳ್ಳು.

ಬ್ಯಾಟ್ ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಹುಡುಗರಿಗೆ ಬ್ಯಾಟ್ ಅಂದರೆ ಚೆಂಡು ಹೊಡೆಯುವ ದಾಂಡು. ಪಟ್ಟಿಯಲ್ಲಿ ಬರೆದಿರುವುದು ‘ಬಾವಲಿ’. ಎರಡೂ ಸರಿ. ಬೇರೆ ಬೇರೆ ಮೂಲದಿಂದ ಬಂದ ಎರಡು ಪದಗಳು ಒಂದೇ ಮೂರಕ್ಷರದ ಅಂಗಿ ತೊಟ್ಟಿವೆ, ಅಷ್ಟೇ. ನಮ್ಮ ತಾಲೂಕಿಗೆ ಅಂಟಿಕೊಂಡೇ ಇರುವ ಖಾನಾಪುರದ ಭೀಮಗಡ ಕಾಡಿನಲ್ಲಿ ಬಾರಾಪೇಡೆ ಗುಹೆಯಿದೆ. ಅಲ್ಲಿರುವ ರಾಟನ್ ಬಾವಲಿಯನ್ನು 1913ರಲ್ಲಿ ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟರು. ಬಹುಕಾಲ ಇಡೀ ಜಗತ್ತಿನಲ್ಲಿ ಅದಕ್ಕೆ ಅದೊಂದೇ ನೆಲೆಯೆಂದು ತಿಳಿದಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯದಲ್ಲೂ ಅದು ಸಿಕ್ಕಿತು. ‘ಬ್ಯಾಟ್’ ಎಂದು ಕಲಿಸುವಾಗ ನಮ್ಮ ಮಗ್ಗುಲಲ್ಲೇ ಇರುವ ಈ ಬಾವಲಿಯ ಕಥೆ ಹೇಳಿದರೆ ಆ ಪದವನ್ನು ಮಗು ಜನ್ಮದಲ್ಲಿ ಮರೆಯುವುದಿಲ್ಲ. ‘ಬಿ ಎ ಟಿ’ ಎಂದು ಐವತ್ತು ಸಲ ಬರೆಸಿದರೆ ಐವತ್ತೊಂದನೆಯ ದಿನ ಮರೆಯುತ್ತದೆ.

‘ರನ್’ ಅಂದರೆ ಓಡು ಎಂದು ಕಲಿಸುತ್ತೇವೆ. ಮೂಗು ಸೋರಿದರೂ ಇಂಗ್ಲಿಷಿನಲ್ಲಿ ರನ್ ಆಗುತ್ತದೆ. ಅಂಗಡಿ ನಡೆಸುವುದೂ ರನ್. ಕ್ರಿಕೆಟ್ಟಿನಲ್ಲಿ ರನ್ನು ಓಟವೂ ಹೌದು, ಲೆಕ್ಕವೂ ಹೌದು. ಹೊಸ ಸೀರೆ ನೆನೆಹಾಕಿದಾಗ ಬಣ್ಣ ಬಿಟ್ಟರೆ ಅದೂ ರನ್! ‘ಸೆಟ್’ ಎಂಬ ಪದವನ್ನು ನೋಡಿ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಪಡೆದ ಪದ ಇದೇ. ಮೂರೇ ಅಕ್ಷರ! ಇಂಗ್ಲಿಷಿನಲ್ಲಿ ಪದ ಚಿಕ್ಕದಾದಷ್ಟೂ ಅದಕ್ಕೆ ಕೆಲಸ ಜಾಸ್ತಿ, ನಮ್ಮ ಮನೆಗಳಲ್ಲಿ ಕಿರಿ ಸೊಸೆಗಿರುವ ಹಾಗೆ. ಇಂಥ ಪದಗಳಿಗೆ ಒಂದೊಂದು ‘ಮೀನಿಂಗ್’ ಅಂಟಿಸಿ ಕಳಿಸಿದರೆ, ಮಗು ಮುಂದೆ ವಾಕ್ಯದಲ್ಲಿ ಅದನ್ನು ಕಂಡಾಗ ಕಂಗಾಲಾಗದೆ ಏನು ಮಾಡೀತು?

ನಮ್ಮ ಅಣಶಿ ಕಡೆಯ ಮಕ್ಕಳಿಗೆ ಇನ್ನೊಂದು ಸಂಕಟವಿದೆ. ಇಲ್ಲಿ ಕುಣಬಿ ಮನೆಗಳು ಹೆಚ್ಚು. ಮಗು ತಾಯಿಯ ಬಾಯಲ್ಲಿ ಕೇಳಿದ್ದು ಕೊಂಕಣಿಯ ‘ಮಾಜರ’. ‘ಬೆಕ್ಕು’ ಎಂಬುದನ್ನು ಅದು ಶಾಲೆಗೆ ಬಂದ ಮೇಲೆ ಕಲಿತಿದೆ. ಈಗ ಕ್ಯಾಟಿಗೆ ಅರ್ಥ ಬೆಕ್ಕು ಎನ್ನುತ್ತೇವೆ. ಅಂದರೆ ಗೊತ್ತಿಲ್ಲದ ಒಂದಕ್ಕೆ ಅರೆಬರೆ ಗೊತ್ತಿರುವ ಇನ್ನೊಂದನ್ನು ಅರ್ಥವಾಗಿ ಕೊಟ್ಟ ಹಾಗಾಯಿತು. ಮಗು ಮಾಜರದಿಂದ ಬೆಕ್ಕಿಗೆ, ಬೆಕ್ಕಿನಿಂದ ಕ್ಯಾಟಿಗೆ ಹಳ್ಳ ದಾಟಿ ಗುಡ್ಡ ಏರಿ ಬರಬೇಕು. ಅಷ್ಟರಲ್ಲಿ ನಿಜವಾದ ಬೆಕ್ಕು ಒಲೆಯ ಬದಿಗೆ ಕಣ್ಣುಮುಚ್ಚಿ ಕೂತೇ ಇರುತ್ತದೆ! ಅದರ ಕಡೆ ಬೆರಳು ಮಾಡಿ ‘ಕ್ಯಾಟ್’ ಎಂದರೆ ಸಾಕಿತ್ತು. ಕಣ್ಣೆದುರಿಗಿರುವ ವಸ್ತುವಿಗೆ, ಕೈಯಿಂದ ಮಾಡಿ ತೋರಿಸಬಹುದಾದ ಕೆಲಸಕ್ಕೆ ಅನುವಾದ ಏಕೆ? ‘ಸಿಟ್’ ಎಂದು ಕೂತು ತೋರಿಸಿ, ‘ಸಿಪ್’ ಎಂದು ಗುಟುಕು ನೀರು ಕುಡಿದು ತೋರಿಸಿ. ಅರ್ಥ ಇರುವುದು ಲೋಕದಲ್ಲಿ, ಪಟ್ಟಿಯಲ್ಲಲ್ಲ.

ಇಷ್ಟಕ್ಕೂ ನಮ್ಮ ಮಕ್ಕಳು ಇಂಗ್ಲಿಷಿನ ಚಿಕ್ಕ ಪದಗಳಿಗೆ ಅಪರಿಚಿತರೇ? ಬೆಳಿಗ್ಗೆ ಎದ್ದು ಮಗ್ಗು, ಟಬ್ಬು, ಜಗ್ಗು, ಕಪ್ಪು, ಪೆನ್ನು, ಬ್ಯಾಗು, ಗ್ಯಾಸು, ಫ್ಯಾನು, ಪಿನ್ನು, ಬಸ್ಸು ಎನ್ನದ ಮನೆ ಯಾವುದಿದೆ? ಇವೆಲ್ಲ ನಮ್ಮವೇ ಆಗಿಬಿಟ್ಟಿವೆ. 2023ರ ಜೂನ್‌ನಿಂದ ನಾವು ಹೆಂಗಸರು ಟಿಕೆಟ್ಟಿಗೆ ಕಾಸು ಕೊಡದೆ ಓಡಾಡುತ್ತಿರುವ ಸರ್ಕಾರಿ ಬಸ್ಸಿನ ಕಥೆಯೇ ಸ್ವಾರಸ್ಯದ್ದು. ಲ್ಯಾಟಿನ್ನಿನ ‘ಓಮ್ನಿಬಸ್’, ಅಂದರೆ ‘ಎಲ್ಲರಿಗೂ’ ಎಂಬ ಪದದ ಬಾಲ ಅದು. ತಲೆ ಕಡಿದುಹೋಗಿ ‘ಬಸ್’ ಎಂಬ ಬಾಲವಷ್ಟೇ ಉಳಿದು ಲೋಕವನ್ನೆಲ್ಲ ಹೊತ್ತು ತಿರುಗುತ್ತಿದೆ.

ಈ ಪದಗಳನ್ನು ನಮ್ಮ ಓದುಬರಹ ಬಾರದ ಅಜ್ಜಿಯರು ಹೇಗೆ ಒಗ್ಗಿಸಿಕೊಂಡಿದ್ದಾರೆ ಗಮನಿಸಿ. ಬಸ್ ‘ಬಸ್ಸು’ ಆಯಿತು, ಪೆನ್ ‘ಪೆನ್ನು’ ಆಯಿತು, ಆದರೆ ಕಾರ್ ‘ಕಾರು’ ಆಯಿತೇ ಹೊರತು ‘ಕಾರ್ರು’ ಆಗಲಿಲ್ಲ. ಏಕೆ? ಹಳಗನ್ನಡದ ‘ಕಣ್’ ನಮ್ಮ ಬಾಯಲ್ಲಿ ‘ಕಣ್ಣು’, ‘ಕಲ್’ ಎಂಬುದು ‘ಕಲ್ಲು’. ಆದರೆ ‘ಕಾಲ್’ ಬರೀ ‘ಕಾಲು’. ಮೊದಲ ಸ್ವರ ಗಿಡ್ಡವಾದರೆ ಕೊನೆಯ ವ್ಯಂಜನ ಇಮ್ಮಡಿಯಾಗಬೇಕು, ಉದ್ದವಾದರೆ ಬೇಡ. ಈ ನಿಯಮವನ್ನು ಯಾವ ಶಾಲೆಗೂ ಹೋಗದ ಅಜ್ಜಿ ಇಂಗ್ಲಿಷ್ ಪದಕ್ಕೂ ಚಾಚೂ ತಪ್ಪದೆ ಅನ್ವಯಿಸಿದ್ದಾಳೆ. ಇನ್ನೂ ಚೋದ್ಯವೆಂದರೆ ಇಂಗ್ಲಿಷಿನ ಬರವಣಿಗೆಯಲ್ಲಿಯೂ ಇದರ ತಂಗಿಯಂಥ ನಿಯಮವೊಂದಿದೆ. ‘ಸಿಟ್’ ಪದಕ್ಕೆ ‘ಇಂಗ್’ ಸೇರಿಸುವಾಗ ಟಿ ಅಕ್ಷರ ಎರಡಾಗುತ್ತದೆ, ‘ರನ್’ಗೆ ಸೇರಿಸುವಾಗ ಎನ್ ಎರಡಾಗುತ್ತದೆ. ಸ್ವರ ಉದ್ದವಿರುವ ‘ರೀಡ್’ಗೆ ಸೇರಿಸುವಾಗ ಡಿ ಒಂದೇ. ಉಚ್ಚಾರದಲ್ಲಿ ಒತ್ತು ಇಲ್ಲ ನಿಜ, ಬರವಣಿಗೆಯಲ್ಲಿ ಮಾತ್ರ. ಆದರೂ ಕಲ್ಲು-ಕಾಲು ಬಲ್ಲ ಮಗುವಿಗೆ ಇದನ್ನು ತಿಳಿಸಲು ಐದು ನಿಮಿಷ ಸಾಕು. ತನ್ನ ಭಾಷೆಯ ಬಲದ ಮೇಲೆ ನಿಂತು ಇನ್ನೊಂದು ಭಾಷೆಗೆ ಕೈಚಾಚುವುದೆಂದರೆ ಇದು.

ಇನ್ನೊಂದು ಮಾತು. ‘ಪ್ಯಾನ್’ ಬೇರೆ, ‘ಪೆನ್’ ಬೇರೆ, ಮಕ್ಕಳಿಗೆ ಈ ಭೇದವೇ ತಿಳಿಯುವುದಿಲ್ಲ ಎಂದು ಅನೇಕರ ದೂರು. ನಮ್ಮ ಲಿಪಿಯಲ್ಲಿ ಆ ‘ಆ್ಯ’ ಸ್ವರಕ್ಕೆ ಸ್ವಂತ ಅಕ್ಷರವಿಲ್ಲ, ಅದಕ್ಕೇ ಯಕಾರದ ಒತ್ತು ಕೊಟ್ಟು ಬರೆಯುತ್ತೇವೆ. ಆದರೆ ನಾಲಿಗೆಯಲ್ಲಿ ಇಲ್ಲವೇ? ಹಳಿಯಾಳ, ಮುಂಡಗೋಡ, ಧಾರವಾಡದ ಕಡೆ ಕಿವಿಗೊಟ್ಟು ಕೇಳಿ: ‘ಬ್ಯಾಡ’, ‘ಪ್ಯಾಟಿ’, ‘ಬ್ಯಾಳಿ’, ‘ಬ್ಯಾಸಿಗಿ’. ಸ್ವಲ್ಪ ಉದ್ದ ಅಷ್ಟೇ, ಸ್ವರ ಅದೇ ಬಳಗದ್ದು. ಅದಕ್ಕೇ ಪೆನ್ ‘ಪೆನ್ನು’ ಆದರೂ ಫ್ಯಾನ್ ನಮಗೆ ‘ಫ್ಯಾನು’, ಬ್ಯಾಗ್ ನಮಗೆ ‘ಬ್ಯಾಗು’. ನಮ್ಮ ಕಿವಿ ಅದನ್ನು ಉದ್ದ ಸ್ವರವೆಂದೇ ಎಣಿಸಿದೆ. ಕೊಂಕಣಿಯಲ್ಲಂತೂ ‘ಎ’ಕಾರ, ‘ಒ’ಕಾರಗಳಲ್ಲಿ ಬಾಯಿ ತೆರೆದು ಆಡುವುದು ಬೇರೆ, ಮುಚ್ಚಿ ಆಡುವುದು ಬೇರೆ. ಅಂದರೆ ಸ್ವರದ ವಿಷಯದಲ್ಲಿ ನಮ್ಮ ಹಳ್ಳಿಯ ಮಗು ಬಡವನಲ್ಲ, ಶ್ರೀಮಂತ. ಆ ಶ್ರೀಮಂತಿಕೆಯನ್ನು ನಾವೇನು ಮಾಡಿದೆವು? ‘ಬ್ಯಾಡ ಅನ್ನಬೇಡ, ಬೇಡ ಅನ್ನು’ ಎಂದು ಕನ್ನಡ ತರಗತಿಯಲ್ಲಿ ಗದರಿಸಿ, ಮರುಗಳಿಗೆಗೆ ಇಂಗ್ಲಿಷ್ ತರಗತಿಯಲ್ಲಿ ‘ಬೆಡ್ ಅಲ್ಲ, ಬ್ಯಾಡ್ ಅನ್ನು’ ಎಂದು ಗದರಿಸಿದೆವು! ಒಂದು ಗಂಟೆಯಲ್ಲಿ ಕಿತ್ತುಕೊಂಡದ್ದನ್ನೇ ಮುಂದಿನ ಗಂಟೆಯಲ್ಲಿ ಕೇಳಿದರೆ ಮಗು ಎಲ್ಲಿಂದ ತಂದುಕೊಟ್ಟೀತು?

ಇಲ್ಲಿಗೆ ಬಂದ ಮೇಲೆ ಬುದ್ಧಿವಂತರು ಒಂದು ಪ್ರಶ್ನೆ ಹಾಕುತ್ತಾರೆ: ‘ದನಿಯಿಂದ ಕಲಿಸಿ ಎನ್ನುತ್ತೀರಿ, ಸರಿ. ಬಿ ಯು ಟಿ ಬಟ್ ಆದರೆ ಪಿ ಯು ಟಿ ಪುಟ್ ಏಕೆ? ಟಿ ಒ ಟೂ, ಡಿ ಒ ಡೂ ಆದರೆ ಜಿ ಒ ಗೋ ಏಕೆ?’ 1975ರ ಹಿಂದಿ ಚಿತ್ರ ‘ಚುಪ್ಕೆ ಚುಪ್ಕೆ’ಯಲ್ಲಿ ಧರ್ಮೇಂದ್ರ ಇದೇ ಪ್ರಶ್ನೆ ಕೇಳಿ ಚಿತ್ರಮಂದಿರಗಳನ್ನು ನಗಿಸಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಇದೆ. ಇಂಗ್ಲೆಂಡಿಗೆ 1476ರಲ್ಲಿ ಕ್ಯಾಕ್ಸ್‌ಟನ್ ಅಚ್ಚಿನ ಯಂತ್ರ ತಂದ. ಅಲ್ಲಿಂದ ಮುಂದೆ ಬರವಣಿಗೆ ನಿಧಾನವಾಗಿ ಗಟ್ಟಿಯಾಗುತ್ತ ಬಂತು. ಜನರ ನಾಲಿಗೆ ಮಾತ್ರ ನಿಲ್ಲಲಿಲ್ಲ. ಬಟ್, ಕಟ್, ಪುಟ್ ಎಲ್ಲವೂ ಒಂದು ಕಾಲಕ್ಕೆ ‘ಉ’ಕಾರದಲ್ಲೇ ಇದ್ದವು. ಹದಿನೇಳನೆಯ ಶತಮಾನದ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನ ನಾಲಿಗೆಯಲ್ಲಿ ಬಟ್, ಕಟ್ ಬದಲಾದವು. ಪುಟ್, ಪುಲ್, ಫುಲ್, ಬುಲ್ ಹಳೆಯ ದನಿಯನ್ನೇ ಉಳಿಸಿಕೊಂಡವು. ಉತ್ತರ ಇಂಗ್ಲೆಂಡಿನ ಜನ ಇವತ್ತಿಗೂ ‘ಕಟ್’ ಪದವನ್ನು ‘ಕುಟ್’ ಎಂಬಂತೆಯೇ ಆಡುತ್ತಾರೆ. ಆದ್ದರಿಂದ ನಿಮ್ಮ ಮಗು ಬಿ ಯು ಟಿ ನೋಡಿ ‘ಬುಟ್’ ಎಂದು ಓದಿದರೆ ನಗಬೇಡಿ. ಅದು ಯಾರ್ಕ್‌ಶೈರಿನವರ ಹಾಗೆ ಓದಿದೆ!

ಅಂದರೆ ಚಿಕ್ಕ ಪದಗಳಲ್ಲಿ ಎರಡು ಜಾತಿ. ನಿಯಮಕ್ಕೆ ನಡೆಯುವವು ಒಂದು, ಹಟಮಾರಿಗಳು ಇನ್ನೊಂದು. ನಿಯಮದವು ಬಹಳ, ಅವನ್ನು ದನಿಯಿಂದ ಕಲಿಸಬಹುದು. ಹಟಮಾರಿಗಳು ಕಡಿಮೆ, ಅವನ್ನು ದಿನಕ್ಕೊಂದರಂತೆ ಮುಖ ನೋಡಿ ಗುರುತಿಸುವುದನ್ನು ಕಲಿಸಬೇಕು, ಊರಿನ ಮುಂಗೋಪಿಗಳನ್ನು ಗುರುತಿಟ್ಟುಕೊಳ್ಳುವ ಹಾಗೆ. ನಾಲ್ಕು ಜನ ಮುಂಗೋಪಿಗಳಿದ್ದಾರೆಂದು ಇಡೀ ಊರೇ ಕೆಟ್ಟದ್ದು ಎನ್ನುತ್ತೀರಾ? ನಮ್ಮ ಭಜನೆಯ ತಪ್ಪು ಇದೇ. ಕೆಲವು ಪದ ನಿಯಮ ಮೀರುತ್ತವೆ ಎಂಬ ಕಾರಣಕ್ಕೆ ಎಲ್ಲ ಪದಗಳನ್ನೂ ನಿಯಮವೇ ಇಲ್ಲದ ಹಾಗೆ ಗಟ್ಟುಹೊಡೆಸುವುದು.

‘ನಾವೂ ಹಾಗೇ ಕಲಿತೆವು, ನೌಕರಿ ಮಾಡಲಿಲ್ಲವೇ?’ ಎನ್ನುವವರಿದ್ದಾರೆ. ಮಾಡಿದಿರಿ, ಸಂತೋಷ. ಆದರೆ ನಿಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂತವರಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾಗಿ ಶಾಲೆ ಬಿಟ್ಟ ಗೆಳತಿಯರು ಎಷ್ಟು ಜನ, ಒಮ್ಮೆ ಬೆರಳು ಮಡಿಸಿ ಎಣಿಸಿ. ದಡ ಸೇರಿದವರು ಹೊಳೆ ಸಣ್ಣದು ಎಂದು ಹೇಳಬಾರದು.

ನಮ್ಮ ರಾಜ್ಯದಲ್ಲಿ ಭಾಷೆಯ ಜಗಳಕ್ಕೆ ಬರವಿಲ್ಲ. 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು. 1994ರಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಪ್ರಾಥಮಿಕ ಮಾಧ್ಯಮವಾಗಬೇಕೆಂದು ಸರ್ಕಾರದ ಆದೇಶ ಬಂತು. 2007ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟು ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದವು. ಯಾವ ವಯಸ್ಸಿಗೆ, ಯಾವ ಮಾಧ್ಯಮದಲ್ಲಿ ಎಂದು ಬೀದಿಯಲ್ಲಿ, ಸದನದಲ್ಲಿ, ನ್ಯಾಯಾಲಯದಲ್ಲಿ ಹೋರಾಡಿದ್ದಾರೆ. ಆದರೆ ಮಗು ತನ್ನ ಮೊದಲ ಮೂರಕ್ಷರದ ಇಂಗ್ಲಿಷ್ ಪದವನ್ನು ಹೇಗೆ ಕಲಿಯಬೇಕು ಎಂಬುದಕ್ಕಾಗಿ ಯಾರಾದರೂ ಒಂದು ಮೆರವಣಿಗೆ ತೆಗೆದದ್ದನ್ನು ಕಂಡಿದ್ದೀರಾ? ‘ಯಾವಾಗ’ ಎಂಬುದಕ್ಕೆ ಅಷ್ಟು ಗದ್ದಲ, ‘ಹೇಗೆ’ ಎಂಬುದಕ್ಕೆ ಮೌನ.

ಆ ಮೌನದ ಬೆಲೆ ತೆರುತ್ತಿರುವವರು ಯಾರು? ನಾನು ಕಂಡದ್ದನ್ನು ಹೇಳುತ್ತೇನೆ. ಪೇಟೆಯ ಒಂದು ಶಾಲೆಯ ಹುಡುಗ ಮದುವೆ ಮನೆಯಲ್ಲಿ ಇಪ್ಪತ್ತು ಸ್ಪೆಲ್ಲಿಂಗ್ ಪಟಪಟ ಹೇಳುತ್ತಾನೆ. ನಮ್ಮೂರ ಕನ್ನಡ ಶಾಲೆಯ ಹುಡುಗಿ ಬಾಯಿ ಮುಚ್ಚಿ ನಿಲ್ಲುತ್ತಾಳೆ. ಅಷ್ಟಕ್ಕೇ ತೀರ್ಮಾನವಾಗಿಬಿಡುತ್ತದೆ: ಕನ್ನಡ ಶಾಲೆ ನಿಷ್ಪ್ರಯೋಜಕ. ಮಾರನೆಯ ವರ್ಷ ಸಾಲ ಮಾಡಿ ವ್ಯಾನಿನ ಶಾಲೆಗೆ ಸೇರಿಸುತ್ತಾರೆ. ಯಾರನ್ನು? ತಮ್ಮನನ್ನು! ಅಕ್ಕ ಇಲ್ಲಿಯೇ. ಗಂಡಿಗೆ ವ್ಯಾನು, ಹೆಣ್ಣಿಗೆ ಕಾಲ್ನಡಿಗೆ. ಅವಳಿಗೆ ಬರುವುದಿಲ್ಲವಲ್ಲ, ಬುದ್ಧಿ ಕಡಿಮೆ ಎಂಬ ಮುದ್ರೆ ಬೇರೆ. ಆ ಇಪ್ಪತ್ತು ಸ್ಪೆಲ್ಲಿಂಗ್ ಒಪ್ಪಿಸಿದ ಹುಡುಗನ ಕೈಗೆ ಹೊಸ ಪುಸ್ತಕ ಕೊಟ್ಟು, ಪಟ್ಟಿಯಲ್ಲಿಲ್ಲದ ಒಂದು ಮೂರಕ್ಷರದ ಪದ ತೋರಿಸಿ ‘ಓದು ಮಗಾ’ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅವನೂ ಬಾಯಿ ಮುಚ್ಚಿಯೇ ನಿಲ್ಲುತ್ತಿದ್ದ. ಇಬ್ಬರಿಗೂ ಓದು ಬಂದಿರಲಿಲ್ಲ. ಒಬ್ಬನಿಗೆ ಭಜನೆ ಬಂದಿತ್ತು, ಅಷ್ಟೇ. ಆ ಭಜನೆಯ ಆಧಾರದ ಮೇಲೆ ಒಬ್ಬ ಹುಡುಗಿಯ ಹಣೆಬರಹ ಬರೆದುಬಿಟ್ಟರು. ಮೂರಕ್ಷರದ ಪದ ಎಂದು ಹಗುರವಾಗಿ ಕಾಣಬೇಡಿ.

ಆದ್ದರಿಂದ ಪೇಟೆಯಲ್ಲಿರುವ ನನ್ನ ಅಕ್ಕತಂಗಿಯರೇ, ಇದು ಸರ್ಕಾರ ಬಂದು ಸರಿಮಾಡುವ ತನಕ ಕಾಯುವ ಕೆಲಸವಲ್ಲ, ನಮ್ಮ ಪಡಸಾಲೆಯಲ್ಲೇ ಶುರುವಾಗಬೇಕು. ಮನೆಗೆ ಬಂದ ಮಗುವಿಗೆ ‘ಸ್ಪೆಲ್ಲಿಂಗ್ ಹೇಳು, ಮೀನಿಂಗ್ ಹೇಳು’ ಎಂದು ಪರೀಕ್ಷೆ ಒಡ್ಡುವುದನ್ನು ಮೊದಲು ನಿಲ್ಲಿಸಿ. ಅದು ಅತಿಥಿ ಸತ್ಕಾರವೂ ಅಲ್ಲ, ಶಿಕ್ಷಣವೂ ಅಲ್ಲ. ಗೋಡೆಗೆ ಅಂಟಿಸಿದ ಪಟ್ಟಿ ಇದ್ದರೆ ಇರಲಿ, ಆದರೆ ಅಕ್ಷರದ ಹೆಸರಿನಿಂದ ಓದಿಸಬೇಡಿ, ದನಿಯಿಂದ ಓದಿಸಿ. ನಾಲ್ಕು ಪದ ಕಲಿತ ಮೇಲೆ ಐದನೆಯದನ್ನು ನೀವು ಹೇಳಬೇಡಿ, ಮಗುವೇ ಕಂಡುಹಿಡಿಯಲಿ. ಹಳೆಯ ಲಗ್ನಪತ್ರಿಕೆಯ ರಟ್ಟು ಕತ್ತರಿಸಿ ಅಕ್ಷರ ಬರೆದು ಕೊಟ್ಟರೆ ಪಗಡೆಗಿಂತ ಚೆನ್ನಾದ ಆಟ. ಕಾಸಿನ ಖರ್ಚಿಲ್ಲ. ನಿಮಗೆ ಇಂಗ್ಲಿಷ್ ಬಾರದೆ? ಚಿಂತೆಯಿಲ್ಲ. ಅಡಿಗೆ ಮನೆಯಲ್ಲಿರುವ ಕಪ್ಪು, ಮಗ್ಗು, ಪ್ಯಾನು, ಟಿನ್ನು ನಿಮಗೆ ಗೊತ್ತೇ ಇವೆ, ಪಾಠ ಅಲ್ಲಿಂದಲೇ ಶುರುಮಾಡಿ. ಮಗು ಒಂದು ಪದದ ಅರ್ಥ ಕೇಳಿದರೆ ಇನ್ನೊಂದು ಪದ ಹೇಳಿ ಕೈತೊಳೆದುಕೊಳ್ಳದೆ ವಸ್ತು ತೋರಿಸಿ, ಮಾಡಿ ತೋರಿಸಿ, ಒಂದು ವಾಕ್ಯದಲ್ಲಿ ಇಟ್ಟು ತೋರಿಸಿ. ಮಗ ಮತ್ತು ಮಗಳು ಇಬ್ಬರೂ ಇದ್ದರೆ ಇಬ್ಬರನ್ನೂ ಒಟ್ಟಿಗೇ ಕೂರಿಸಿ. ತಪ್ಪು ಓದಿದ ಮಗುವನ್ನು ಗದರಿಸುವ ಮುಂಚೆ ‘ಹೀಗೇಕೆ ಓದಿದೆ?’ ಎಂದು ಒಮ್ಮೆ ಕೇಳಿ. ಹತ್ತರಲ್ಲಿ ಎಂಟು ಸಲ ಅದಕ್ಕೊಂದು ಒಳ್ಳೆಯ ಕಾರಣವಿರುತ್ತದೆ.

ಇಂಗ್ಲಿಷ್ ನಮ್ಮ ಮಕ್ಕಳ ಶತ್ರುವಲ್ಲ, ದೇವರೂ ಅಲ್ಲ. ಅದೊಂದು ಭಾಷೆ. ಭಾಷೆಯನ್ನು ಭಜನೆ ಮಾಡಿ ಒಲಿಸಿಕೊಳ್ಳಲಾಗುವುದಿಲ್ಲ, ಬಳಸಿ ಒಲಿಸಿಕೊಳ್ಳಬೇಕು. ‘ಸಿ ಎ ಟಿ’ ಎಂದು ನೂರು ಸಲ ಕೂಗುವ ಬಾಯಿಗಿಂತ, ಕಾಣದ ಪದವೊಂದನ್ನು ಕಂಡು ‘ತಡೆಯಿರಿ, ನಾನೇ ಓದುತ್ತೇನೆ’ ಎನ್ನುವ ಬಾಯಿ ನನಗೆ ಹೆಚ್ಚು. ಆ ಒಂದು ಮಾತು ನಿಮ್ಮ ಮನೆಯ ಹೆಣ್ಣುಮಗಳ ಬಾಯಿಂದ ಬರಲಿ.